ಅಕ್ಕ ತಂದ ಬೀಜದ ಶೇಂಗಾ

ಮೊದಲು ಹೋದದ್ದು ಒಂದು ಹೆಸರು. ಲಕ್ಷ್ಮೇಶ್ವರದ ಕಾಲೇಜಿನಲ್ಲಿ ಚಾಲುಕ್ಯರ ಪಾಠ ಮಾಡುತ್ತಿದ್ದೆ. ಬೋರ್ಡಿನ ಕಡೆ ತಿರುಗಿದೆ. ಬರೆಯಬೇಕಾಗಿದ್ದ ರಾಜನ ಹೆಸರು ತಲೆಯಲ್ಲಿ ಇರಲಿಲ್ಲ. ಎದೆ ಬಡಿದುಕೊಳ್ಳತೊಡಗಿತು. ಎಡಗೈ ಜೋಮು ಹಿಡಿಯಿತು. ಚಾಕ್‌ಪೀಸ್ ಕೆಳಗೆ ಬಿತ್ತು.

ಸಾಯುತ್ತಿದ್ದೇನೆ ಎಂದುಕೊಂಡೆ.

ಹೀಗೆಂದು ನನ್ನ ನೆನಪು. ಹೆಂಡತಿ ಶೈಲಾ ಹೇಳುವುದು ಬೇರೆ. ನಾನು ಪಾಠವನ್ನು ಪೂರ್ತಿ ಮುಗಿಸಿ, ಸ್ಟಾಫ್ ರೂಮಿನಿಂದ ಅವಳಿಗೆ ಫೋನ್ ಮಾಡಿದೆನಂತೆ. ಯಾರದು ಸರಿ ಎಂದು ಈಗಲೂ ಗೊತ್ತಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿದವನು ನಾನು. ಪರೀಕ್ಷಿಸದೆ ಯಾವ ಸಾಕ್ಷಿಯನ್ನೂ ನಂಬಬೇಡಿ ಎಂದು ಹುಡುಗರಿಗೆ ಹೇಳುತ್ತ ಬಂದವನು. ಈಗ ನಂಬಲಾಗದ ಸಾಕ್ಷಿ ನಾನೇ ಆಗಿದ್ದೆ.

ಗದಗಿನ ಆಸ್ಪತ್ರೆಯಲ್ಲಿ ಇಸಿಜಿ ನಾರ್ಮಲ್. ಎಕೋ ನಾರ್ಮಲ್. ಮರೆವಿಗೆ ಹೆದರಿ ಎಂಆರ್‌ಐ ಮಾಡಿಸಿದೆ. ಅದೂ ನಾರ್ಮಲ್. ಒಂದೊಂದು ನಾರ್ಮಲ್ ಕೇಳಿದಾಗಲೂ ಹೆದರಿಕೆ ಹೆಚ್ಚಾಯಿತು. ಇಷ್ಟು ಹುಡುಕಿದರೂ ಸಿಗದ ರೋಗ ದೊಡ್ಡದೇ ಇರಬೇಕು.

ಕೊನೆಗೆ ನೋಡಿದ ಡಾಕ್ಟರು ಒಬ್ಬ ಹೆಣ್ಣುಮಗಳು. ರಿಪೋರ್ಟುಗಳನ್ನು ಬದಿಗಿಟ್ಟು, ದಿನಾ ಯಾವಾಗ ಕುಳಿತು ಊಟ ಮಾಡುತ್ತೀರಿ ಎಂದು ಕೇಳಿದರು. ನಾನು ಅತಿಥಿ ಉಪನ್ಯಾಸಕ. ಕೆಲವು ದಿನ ಲಕ್ಷ್ಮೇಶ್ವರ, ಕೆಲವು ದಿನ ಮುಂಡರಗಿ, ಸಂಜೆ ಬೆಟಗೇರಿಯ ಮನೆಯಲ್ಲಿ ಟ್ಯೂಷನ್. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಪ್ರತಿ ವರ್ಷ ಕಾಯುವುದು. ಊಟ ನಡುವೆ ಎಲ್ಲೋ ಆಗುತ್ತಿತ್ತು.

"ನಿಮ್ಮ ನೆನಪು ಹೋಗಿಲ್ರಿ ಸರ್," ಎಂದರು. "ನಿಮ್ಮ ನರ್ವಸ್ ಸಿಸ್ಟಮ್ ವರ್ಷಗಟ್ಲೆ ಓಡಾಕತ್ತೈತಿ. ಓಡೋ ಮಂದಿಗೆ ದಾರ್ಯಾಗ ಕಂಡದ್ದು ನೆನಪಿರ್ತೈತೇನು? ಈಗ ಅದಕ್ಕ ನಿಂದ್ರೋದು ಕಲಸ್ಬೇಕು. ಬಾಯಿ ಮಾತು ಅದಕ್ಕ ತಿಳಿಯಂಗಿಲ್ಲ. ಉಸಿರು ತಿಳೀತೈತಿ."

ಇದಕ್ಕೆ ಪುರಾವೆ ಏನು ಎಂದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ. "ಮಾಡಿ ನೋಡ್ರಿ. ಆಗಲಿಲ್ಲಂದ್ರ ನನ್ನ ಜೋಡಿ ಜಗಳಾಡಾಕ ಬರ್ರಿ."

ಕೆಲವು ವಾರ ಒಂದು ಸಣ್ಣ ಮಾತ್ರೆ. ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುವುದು, ಬಿಡುವಾಗ ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸುವುದು. ಕಾಲೇಜಿಗೆ ರಜೆ ಹಾಕಿದೆ. ಹೊಸ ಸೆಮಿಸ್ಟರಿಗೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಪ್ರಿನ್ಸಿಪಾಲರು ಮೆತ್ತಗೆ ಹೇಳಿದರು.

ಉಸಿರು ಬಿಡುವುದನ್ನೂ ನಾನು ಪರೀಕ್ಷೆಯನ್ನಾಗಿ ಮಾಡಿಕೊಂಡೆ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು, ಪಲ್ಸ್ ಇಳಿಯಿತೇ ಎಂದು ನೋಡುತ್ತ ಉಸಿರಾಡುತ್ತಿದ್ದೆ. ಅದು ಏರುತ್ತಿತ್ತು.

ಇದರ ಮೇಲೆ ಮಾತಾಡಿಸಲು ಬರುವವರು. ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಎಂದರೆ ಹೋಗಿ ಮಾತಾಡಿಸದಿರುವುದು ದೊಡ್ಡ ತಪ್ಪು. ಬಂದವರು ಕೇಳುವುದು ಒಂದೇ: ಏನಾತು, ಮೊದಲಿಂದ ಹೇಳು. ಒಬ್ಬರು ಎದ್ದು ಹೋದರೆ ಮತ್ತೊಬ್ಬರು. ಪ್ರತಿಯೊಬ್ಬರಿಗೂ ಚಹಾ, ಜೊತೆಗೆ ನನಗೂ ಚಹಾ. ಹೇಳುವಾಗಲೆಲ್ಲ ಅಂಗೈ ಬೆವರುತ್ತಿತ್ತು, ಎದೆ ಮತ್ತೆ ಆ ತರಗತಿಗೆ ಹೋಗಿ ನಿಲ್ಲುತ್ತಿತ್ತು. ಕಥೆಯೂ ಬದಲಾಗುತ್ತಿತ್ತು. ಒಮ್ಮೆ ಚಾಕ್‌ಪೀಸ್ ಬಿತ್ತು ಎಂದೆ, ಒಮ್ಮೆ ಡಸ್ಟರ್. ಬರಬರುತ್ತ, ನನಗೆ ನೆನಪಿರುವುದು ಆ ದಿನವೋ, ನಾನು ಹೇಳಿದ ಕಥೆಯೋ ತಿಳಿಯದಾಯಿತು.

ಆಗ ಬೆಳ್ಳಟ್ಟಿಯಿಂದ ನನ್ನ ಅಕ್ಕ ಗಂಗವ್ವ ಬಂದಳು. ಬಸ್ಸಿನಿಂದ ಒಂದು ಚೀಲ ಶೇಂಗಾ ಇಳಿಸಿಕೊಂಡೇ ಬಂದಳು.

"ನಿನ್ನ ನೋಡಾಕ ಬಂದೀನಿ ಖರೆ. ಕೈ ಕಟ್ಕೊಂಡು ಕುಂಡ್ರಾಕ ಬಂದಿಲ್ಲ," ಎಂದಳು.

ಬೇಸಿಗೆ ಬೆಳೆಗೆ ಬಿತ್ತುವ ಬೀಜ ಅದು. ಮಿಷನ್ನಿಗೆ ಹಾಕಿದರೆ ಕಾಳಿನ ಮೇಲಿನ ತೆಳು ಸಿಪ್ಪೆಯೂ ಹೋಗುತ್ತದೆ, ಮೊಳಕೆ ಬರುವುದಿಲ್ಲ. ಅದಕ್ಕೇ ಬೀಜದ ಶೇಂಗಾವನ್ನು ಕೈಯಿಂದಲೇ ಸುಲಿಯುತ್ತಾರೆ. ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ರಾಶಿ ಸುರುವಿದಳು.

ಮರುದಿನ ಅಸುಂಡಿಯಿಂದ ನಮ್ಮ ಕಾಕಾ ಬಂದರು. ಕುಳಿತವರೇ, "ಏನಾತಪಾ ತಮ್ಮಾ? ಮೊದಲಿಂದ ಹೇಳು," ಎಂದರು. ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಒಂದು ಪಾಲು ಶೇಂಗಾವನ್ನು ಅವರ ಮುಂದೆ ದೂಡಿದಳು.

"ಅಂವಂದು ಹೇಳಿ ಹೇಳಿ ಸವದೈತ್ರಿ ಕಾಕಾ. ನಿಮ್ಮದೇನರ ಹೊಸಾದು ಹೇಳ್ರಿ. ಹೇಳ್ಕೋಂತ ಕೈ ಆಡಸ್ರಿ."

"ಬ್ಯಾನಿ ಬಿದ್ದಾಂವನ್ನ ಮಾತಾಡ್ಸಾಕ ಬಂದ್ರ ಕೂಲಿಗೆ ಹಚ್ಚಿದೆಲ್ಲವಾ."

"ಚಹಾ ಕುಡದ್ರಲ್ಲ. ಕೂಲಿ ಮುಟ್ಟಿತು."

ಕಾಕಾ ನಕ್ಕರು. ಸುಲಿಯುತ್ತ ತಮ್ಮ ಎಮ್ಮೆಯ ಪುರಾಣ ತೆಗೆದರು. ಅದು ಅವರ ಹೆಂಡತಿಗೆ ಮಾತ್ರ ಹಾಲು ಕೊಡುತ್ತದೆ. ಅವರು ಒಮ್ಮೆ ಹೆಂಡತಿಯ ಸೀರೆ ಹೊದ್ದು ಹೋಗಿ ಒದೆಸಿಕೊಂಡಿದ್ದರು. ಶೈಲಾ ನಗು ತಡೆಯಲಾರದೆ ಒಳಗೆ ಹೋದಳು. ನಾನೂ ಸುಲಿಯುತ್ತಿದ್ದೆ. ಬೆರಳಿನಡಿ ಸಿಪ್ಪೆ ಒಡೆಯುವ ಸಪ್ಪಳ, ಪಾದಕ್ಕೆ ತಣ್ಣನೆಯ ಫರಸಿ ಕಲ್ಲಿನ ನೆಲ, ಹೆದರಿಕೆ ಇಲ್ಲದ ಜನರ ಮಾತು. ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು: ಹೆಗಲು ಕೆಳಗಿಳಿದಿತ್ತು. ಉಸಿರು ತಾನಾಗಿ ಉದ್ದವಾಗಿ ಹೊರಗೆ ಹೋಗುತ್ತಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ, ಇದು ಕಾಕತಾಳೀಯ ಇರಬಹುದಲ್ಲ ಎಂದು ಡಾಕ್ಟರರಿಗೆ ಹೇಳಿದೆ.

"ಇರಬಹುದ್ರಿ. ನಾಳೆನೂ ಸುಲೀರಿ," ಎಂದರು. ಆಮೇಲೆ ಗಂಭೀರವಾಗಿ ವಿವರಿಸಿದರು. ಸಮಾಧಾನದಿಂದಿರುವವರ ಪಕ್ಕದಲ್ಲಿ ಕುಳಿತ ದೇಹ ಆ ಸಮಾಧಾನವನ್ನು ಸ್ವಲ್ಪ ಸ್ವಲ್ಪವೇ ತೆಗೆದುಕೊಳ್ಳುತ್ತದೆ. ಚೆನ್ನಾಗಿದ್ದಾಗ ಉಸಿರಿನ ಅಭ್ಯಾಸ ಮಾಡಿಕೊಂಡರೆ, ಕೆಟ್ಟಾಗ ಅದು ಕೈಗೆ ಸಿಗುತ್ತದೆ. ನನ್ನ ಪ್ರಶ್ನೆಗಳನ್ನು ರೋಗದ ಭಾಗವೆಂದು ಎಣಿಸದೆ ಒಂದೊಂದಕ್ಕೂ ಉತ್ತರ ಕೊಟ್ಟ ಆ ಹೆಣ್ಣುಮಗಳ ತಾಳ್ಮೆ ನೆನೆದರೆ ಈಗಲೂ ಆಶ್ಚರ್ಯವಾಗುತ್ತದೆ.

ಆಕ್ಸಿಮೀಟರನ್ನು ಶೈಲಾ ಎಲ್ಲೋ ಎತ್ತಿಟ್ಟಳು. ನಾನು ಕೇಳಲಿಲ್ಲ. ಅಭ್ಯಾಸ ನಡೆಯಿತು. ಮಧ್ಯಾಹ್ನ ಎಲ್ಲರೂ ಕುಳಿತು ಉಂಡೆವು.

ಶೇಂಗಾ ಮುಗಿದ ಮೇಲೆ ಅಕ್ಕನನ್ನು ಊರಿಗೆ ಬಿಡಲು ಹೊರಟೆ. ಬಸ್ ಬದಲಿಸಲು ಇಳಿದ ಶಿರಹಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಅದು ಮತ್ತೆ ಬಂತು. ಎದೆ. ಕೈ. ಸುತ್ತಲಿನ ಸದ್ದೆಲ್ಲ ದೂರ.

"ಅಕ್ಕಾ, ದವಾಖಾನಿಗೆ ಹೋಗೂಣು."

ಅವಳು ನನ್ನ ಮುಖ ನೋಡಿದಳು. ತೋಳು ಹಿಡಿದು ಪಕ್ಕದಲ್ಲಿ ನಿಂತಳು. "ಹೋಗೂಣಂತ. ಮೊದಲ ಡಾಕ್ಟರಮ್ಮಾರು ಹೇಳಿದ್ದು ಮಾಡು. ನಾ ಎಲ್ಲಿಗೂ ಹೋಗಂಗಿಲ್ಲ." ಅವಳಿಗೂ ಹೆದರಿಕೆ ಇತ್ತು, ತೋಳು ಹಿಡಿದ ಬೆರಳುಗಳಲ್ಲಿ ಅದು ಗೊತ್ತಾಗುತ್ತಿತ್ತು. ಆದರೂ ಅವಳ ದನಿ ನಡುಗಲಿಲ್ಲ. ಪಾದ ಊರಿದೆ. ಉಸಿರು ಬಿಟ್ಟೆ. ಮತ್ತೆ ಬಿಟ್ಟೆ. ಬೆಳ್ಳಟ್ಟಿ ಬಸ್ಸು ಬಂದು, ತುಂಬಿ, ಹೋಯಿತು.

ಅದು ಇಳಿಯಿತು.

ಇಸಿಜಿ ಇಲ್ಲದೆ ಇಳಿದದ್ದನ್ನು ಮೊದಲ ಸಲ ನೋಡಿದೆ. ಮುಂದಿನ ಬಸ್ಸಿಗೆ ಹತ್ತಿದೆವು.

ಸೆಮಿಸ್ಟರಿನ ಮೊದಲ ದಿನ ಲಕ್ಷ್ಮೇಶ್ವರಕ್ಕೆ ಹೋದೆ. ಪಾಠದ ನಡುವೆ ಮಾತು ತಪ್ಪಿತು. ಮುಂದಿನ ವಾಕ್ಯ ಇರಲಿಲ್ಲ. ಎದೆ ಒಂದು ಸಲ ಜೋರಾಗಿ ಬಡಿಯಿತು. ಮೇಜಿಗೆ ಕೈ ಊರಿ, ಹುಡುಗರೆದುರೇ ಉದ್ದವಾಗಿ ಉಸಿರು ಬಿಟ್ಟೆ. ಆಮೇಲೆ ಯಾವ ತರಗತಿಯಲ್ಲೂ ಕೇಳದಿದ್ದ ಪ್ರಶ್ನೆ ಕೇಳಿದೆ: "ಎಲ್ಲಿದ್ದೆವು?"

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: "ಬಾದಾಮಿ ಬಿಟ್ಟು ಐಹೊಳಿಗೆ ಹೊಂಟಿದ್ವಿರಿ ಸರ."

ಗುಣವಾಯಿತು ಎಂದು ಬರೆಯಲಾರೆ. ಮತ್ತೆ ಬರಬಹುದು. ಇಲ್ಲಿ ಬರೆದದ್ದರಲ್ಲೂ ಕೆಲವು ಹಿಂದುಮುಂದಾಗಿರಬಹುದು. ಅಕ್ಕ ಓದಿದರೆ ತಿದ್ದುತ್ತಾಳೆ. ಆದರೆ ಆ ದಿನ ನಾವೆಲ್ಲ ಐಹೊಳೆಗೆ ಹೋದೆವು. ಗಂಟೆ ಹೊಡೆದಾಗ ನಾನು ಇನ್ನೂ ಪಾಠ ಮಾಡುತ್ತಿದ್ದೆ.