ಕ್ಯಾಸೆಟ್ಟಿನಲ್ಲಿ ಇಲ್ಲದ ಸಾಲು

೨೦೧೪ರಲ್ಲಿ ನಾನು ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿಸ್ಟ್. ಮಂಗಳೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ ಗೆದ್ದವನು. ಸರಿಯಾದ ವಾದಕ್ಕೆ ರೋಗಿ ಮಣಿಯಲೇಬೇಕು ಎಂದು ನಂಬಿದ್ದೆ. 'ಕಲೆ ಅಮರ' ಎಂದರೆ ಪುರಾವೆ ಕೇಳುವ ಜಾತಿ ನನ್ನದು.

ಜೆನೆಬೆಚ್ ಇಥಿಯೋಪಿಯಾದ ವೃದ್ಧೆ. ಗಿಟಾರು, ಡ್ರಮ್ಮಿನ ಬ್ಯಾಂಡಿನೊಂದಿಗೆ ಅಡಿಸ್ ಅಬಾಬಾದಲ್ಲಿ ಪಾಪ್ ಹಾಡಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಒಬ್ಬರು. ಆಮೇಲೆ ಮಿಲಿಟರಿ ಆಡಳಿತ, ಕರ್ಫ್ಯೂ. ಹಾಡು ಉಳಿದದ್ದು ಕೈಯಿಂದ ಕೈಗೆ ನಕಲಾದ ಕ್ಯಾಸೆಟ್ಟುಗಳಲ್ಲಿ. ನಾನು ಕಂಡಾಗ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮಗಳು ಸಾರಾಳ ಮನೆಯಲ್ಲಿದ್ದರು. ಗಂಟಲಿನ ಕ್ಯಾನ್ಸರ್. ಜೀವ ಉಳಿಸಲು ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು: ಟೋಟಲ್ ಲ್ಯಾರಿಂಜೆಕ್ಟಮಿ.

ಇಂಥವರಿಗೆ ಎಲೆಕ್ಟ್ರೋಲ್ಯಾರಿಂಕ್ಸ್ ಎಂಬ ಟಾರ್ಚಿನಂಥ ಯಂತ್ರವಿದೆ. ಕತ್ತಿಗೆ ಒತ್ತಿ ತುಟಿ ಆಡಿಸಿದರೆ ಗುಂಯ್‌ಗುಡುವ, ಏರಿಳಿತವಿಲ್ಲದ ಮಾತು ಹೊರಡುತ್ತದೆ. ನನ್ನ ಕತ್ತಿಗೇ ಒತ್ತಿ ಮಾತಾಡಿ ತೋರಿಸಿದೆ. ಅವರು ಅದನ್ನು ಮುಟ್ಟಲೇ ಇಲ್ಲ.

"ನೀರು ಬೇಕಾದರೆ ಹೇಗೆ ಕೇಳ್ತೀರಿ? ನೋವಾದರೆ?" ಎಂದು ವಾದಿಸಿದೆ. ಅವರು ಬೋರ್ಡಿನ ಮೇಲೆ ಗೀಚಿದ್ದನ್ನು ಸಾರಾ ಇಂಗ್ಲಿಷಿನಲ್ಲಿ ಓದಿ ಹೇಳಿದಳು: "ನೊಣ ಮಾತಾಡಿದ ಹಾಗಿದೆ. ನಾನು ನೊಣವಲ್ಲ."

ಉಡುಪಿಯ ನರ್ಸ್ ಜೆಸಿಂತಾ ನಕ್ಕರು. "ನಿನ್ನ ಪಾಯಿಂಟ್ ಎಲ್ಲ ಕರೆಕ್ಟ್ ಮಾರಾಯ, ಕಪ್ ಕೊಡುವಾ. ಪೇಶಂಟ್ ಮಾತ್ರ ಇನ್ನೂ ಮಾತಾಡ್ಲಿಲ್ಲ."

ಡಿಸ್ಚಾರ್ಜಿನ ಹಿಂದಿನ ದಿನ, ವಾರ್ಡ್ ಗುಡಿಸುವ ಇಥಿಯೋಪಿಯಾದ ಇಬ್ಬರು ಹುಡುಗಿಯರು ಶಿಫ್ಟ್ ಮುಗಿಸಿ ಬಂದರು. ತಮ್ಮ ಅಮ್ಮಂದಿರು ಕೇಳುತ್ತಿದ್ದ ಹಾಡಿನವರು ಇವರೇ ಎಂದು ತಿಳಿದು, ಚಪ್ಪಾಳೆ ತಟ್ಟುತ್ತ ಅವರದೇ ಹಾಡು ಹೇಳಿದರು. ಜೆನೆಬೆಚ್ ಕಣ್ಣು ಮುಚ್ಚಿ ಕೇಳುತ್ತಿದ್ದವರು ಥಟ್ಟನೆ ಕೈ ಎತ್ತಿ ನಿಲ್ಲಿಸಿದರು. ಯಂತ್ರ ಎತ್ತಿ ಕತ್ತಿಗೆ ಒತ್ತಿಕೊಂಡರು.

"ಒಂದು ಸಾಲು ಬಿಟ್ಟರಂತೆ," ಎಂದು ಸಾರಾ ನನಗಾಗಿ ಅನುವಾದಿಸಿ ಹೇಳಿದಳು.

"ಇಲ್ಲ ಎಮ್ಮಾಯೆ, ಹಾಡಿರೋದೇ ಹೀಗೆ!" ಒಬ್ಬಳು ವಾದಕ್ಕಿಳಿದಳು; ಎಮ್ಮಾಯೆ ಎಂದರೆ ಅವರ ಭಾಷೆಯಲ್ಲಿ ಅಮ್ಮ. "ನಮ್ಮನೆ ಕ್ಯಾಸೆಟ್ಟಲ್ಲೂ ಹೀಗೇ." ಇನ್ನೊಬ್ಬಳ ಮನೆಯಲ್ಲೂ ಹಾಗೇ.

ಯಾವುದೋ ಹಳೇ ನಕಲಿನಲ್ಲಿ ಟೇಪು ಸಿಕ್ಕಿಕೊಂಡು ಆ ಸಾಲು ಹೋಗಿರಬೇಕು. ಮುಂದಿನ ನಕಲುಗಳೆಲ್ಲ ಅದರ ಮಕ್ಕಳು. ಕೇಳಿ ಕಲಿತವರಿಗೆ ಹಾಡು ಅಷ್ಟೇ.

ಜೆನೆಬೆಚ್ ಮತ್ತೆ ಯಂತ್ರ ಒತ್ತಿದರು. ರಾಗವಿಲ್ಲದೆ, ಒಂದೊಂದೇ ಪದ: "ಮಳೆ ಬಂದರೆ ನನ್ನ ಶಾಲು ಹೊದ್ದುಕೋ, ನೆನೆದು ನನಗೆ ಅಭ್ಯಾಸವಿದೆ."

ಹುಡುಗಿಯರಿಗೆ ರಾಗ ಗೊತ್ತಿತ್ತು, ಈಗ ಸಾಲೂ ಸಿಕ್ಕಿತು. ಮೊದಲಿಂದ ಹಾಡಿದರು. ಆ ಸಾಲು ಬಂದಾಗ ಜೆನೆಬೆಚ್ ತುಟಿ ಆಡಿಸಿದರು, ಯಂತ್ರವನ್ನು ಮಡಿಲಲ್ಲಿಟ್ಟು. ಸದ್ದಿಲ್ಲದೆ.

ವರ್ಷದೊಳಗೆ ಕ್ಯಾನ್ಸರ್ ಮರಳಿತು, ಅವರು ತೀರಿಕೊಂಡರು. ಹಾಡು ಉಳಿಯಿತಲ್ಲ ಎಂದು ಸಮಾಧಾನಪಡಲು ನಾನು ಈಗಲೂ ತಯಾರಿಲ್ಲ. ಉಳಿದದ್ದು ಒಂದು ಸಾಲು, ಹೋದದ್ದು ಒಬ್ಬ ಹೆಂಗಸು.

ಆದರೆ ರೋಗಿಯ ಮುಂದೆ ಆ ಯಂತ್ರ ಇಡುವಾಗ ಈಗ ನೀರಿನ ಮಾತು ಎತ್ತುವುದಿಲ್ಲ. "ನೀವು ಹೇಳದಿದ್ದರೆ ಇನ್ಯಾರಿಗೂ ಗೊತ್ತಾಗದ್ದು ಏನಿದೆ?" ಎಂದು ಕೇಳಿ, ಸುಮ್ಮನೆ ಕೂರುತ್ತೇನೆ.