ಆಂಟಿ, ಆ ವೈರಸ್ ನನ್ನದು

ನಾಗರತ್ನ ಆಂಟಿ, ನಿಮ್ಮ ಕಂಪ್ಯೂಟರ್ ಹಾಳಾಗಿದ್ದು ಸಿದ್ದುವಿನ ಪೆನ್‌ಡ್ರೈವ್‌ನಿಂದ ಅಲ್ಲ — ನನ್ನಿಂದ. ಹೊಸಹಳ್ಳಿಯ ನಿಮ್ಮ ಡಿಟಿಪಿ ಅಂಗಡಿಗೆ ರಿಪೇರಿಗೆಂದು ಬರುತ್ತಿದ್ದವನು ನಾನು. ನನ್ನನ್ನು ಎಕ್ಸ್‌ಪರ್ಟ್ ಎಂದು ಕರೆದವನೂ ನಾನೊಬ್ಬನೇ.

ಕಂಪ್ಯೂಟರ್ ಜೊತೆಗೇ ಬಂದ ವೈರಸ್ ಕಾವಲು ಅದರಲ್ಲಿ ಇದ್ದೇ ಇತ್ತು. ಪುಕ್ಕಟೆಯದು ಎಷ್ಟು ಕಾದೀತು ಎಂದು ಹೊರಗಿನ ಆಂಟಿವೈರಸ್ ಒಂದನ್ನು ಹಾಕಿದೆ. ಹೊಸದು ಬಂದರೆ ಹಳೆಯದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ನನ್ನ ಬುದ್ಧಿವಂತಿಕೆ ಬಿಡಬೇಕಲ್ಲ — ಎರಡಿದ್ದರೆ ಇನ್ನೂ ಭದ್ರ ಎಂದು ಸೆಟ್ಟಿಂಗ್ ತಿದ್ದಿ ಹಳೆಯದನ್ನೂ ಎಬ್ಬಿಸಿ ಕೂರಿಸಿದೆ. ಇದು ಮುಟ್ಟಿದ ಫೈಲನ್ನು ಅದು ಹಿಡಿದುಕೊಳ್ಳುವುದು, ಅದನ್ನೇ ಇದು ಕಳ್ಳ ಎನ್ನುವುದು. ಒಂದು ಲಗ್ನಪತ್ರಿಕೆ ತೆರೆಯುವಷ್ಟರಲ್ಲಿ ನಿಮ್ಮ ಕಾಫಿ ಆರುತ್ತಿತ್ತು.

"ಏನೋ ಮಾಡ್ದೆ ಇದಕ್ಕೆ? ಎತ್ತಿನ ಗಾಡಿ ಆಗೋಯ್ತಲ್ಲೋ!" ಎಂದು ನೀವು ರೇಗಿದಿರಿ. ಎರಡು ಕಾವಲನ್ನೂ ಆಫ್ ಮಾಡಿಬಿಟ್ಟೆ. ಕಂಪ್ಯೂಟರ್ ಓಡಿತು, ನೀವು ಹೊಗಳಿದಿರಿ, ನಾನು — ಹೊಗಳಿಸಿಕೊಂಡೆ.

ಅದೇ ವಾರ, ಲಗ್ನಪತ್ರಿಕೆಗಳಿಗೆ ಬೇಕೆಂದು ನೀವು ಕೇಳಿದ ಕನ್ನಡ ಫಾಂಟುಗಳನ್ನು ಎಲ್ಲಿಂದಲೋ ಬಿಟ್ಟಿ ಇಳಿಸಿಕೊಟ್ಟೆ. ಮರುದಿನ ಒಂದು ಫೈಲೂ ತೆರೆಯಲಿಲ್ಲ. ಇಲ್ಲೇ ಹತ್ತಿರದ ಉಲ್ಲಾಳದಲ್ಲಿ ರೂಮ್ ಮಾಡಿಕೊಂಡು ಓದುತ್ತಾ, ಸಂಜೆ ನಿಮ್ಮಲ್ಲಿ ಟೈಪಿಂಗ್ ಮಾಡುತ್ತಿದ್ದ ವಿಜಯಪುರದ ಸಿದ್ದು ಹಿಂದಿನ ದಿನ ತನ್ನ ಪೆನ್‌ಡ್ರೈವ್ ಹಾಕಿದ್ದ. ಅಷ್ಟು ಸಾಕಾಯಿತು.

"ಇವನ ಪೆನ್‌ಡ್ರೈವೇ ಆಂಟಿ, ಡೌಟೇ ಬೇಡ" ಎಂದೆ.

"ಇಲ್ರೀ ಅಕ್ಕಾರ, ನಾ ಏನೂ ಮಾಡಿಲ್ರೀ" ಎಂದು ಅವನು ಬೇಡಿಕೊಂಡದ್ದನ್ನು ಅವನೆದುರೇ ಅವನ ಧಾಟಿಯಲ್ಲಿ ಆಡಿ ತೋರಿಸಿದೆ. ಚೆನ್ನಾಗಿಯೇ ಬಂತು. ನೀವು ನಕ್ಕಿರಿ. ನಕ್ಕಮೇಲೆ ಅವನ ಮಾತು ನಂಬುವ ಹಾಗಿರಲಿಲ್ಲ — ನಾಳೆಯಿಂದ ಬರಬೇಡ ಎಂದುಬಿಟ್ಟಿರಿ.

ಎರಡು ದಿನ ಬಿಟ್ಟು ಅದೇ ಫಾಂಟುಗಳನ್ನು ನನ್ನ ಕಂಪ್ಯೂಟರಿಗೆ ಹಾಕಹೋದೆ. ನಾನು ಆಡಿಕೊಂಡಿದ್ದ ಅದೇ ಪುಕ್ಕಟೆ ಕಾವಲು ತಕ್ಷಣ ತಡೆಯಿತು: ಇದರಲ್ಲಿ ವೈರಸ್ ಇದೆ. ಆಗಲೇ ನಿಮಗೊಂದು ಫೋನ್ ಮಾಡಬಹುದಿತ್ತು. ಊರಿನವರನ್ನೆಲ್ಲ ಅಣಕಿಸುವ ಬಾಯಿಗೆ ತನ್ನ ತಪ್ಪು ಹೇಳಲು ಬರಲಿಲ್ಲ — ಮಾಡಲಿಲ್ಲ. ವರ್ಷಗಳೇ ಕಳೆದವು.

ಮೊನ್ನೆ ಸುಂಕದಕಟ್ಟೆಯ ಸಿಗ್ನಲ್ ಹತ್ತಿರ ಸಿದ್ದು ಸಿಕ್ಕಿದ. ಬೆನ್ನಿಗೆ ಡೆಲಿವರಿ ಬ್ಯಾಗು. ಓದು ಮುಗಿಸಿದನೋ ಬಿಟ್ಟನೋ, ಕೇಳಲು ಧೈರ್ಯವಾಗಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿಸಿ ಎಲ್ಲವನ್ನೂ ಹೇಳಿ, "ಸಾರಿ ಗುರು" ಎಂದೆ. ಅವನು ಹೆಲ್ಮೆಟ್ ಕೂಡ ತೆಗೆಯಲಿಲ್ಲ.

"ನಂದು ತಪ್ಪಿಲ್ಲಂತ ನನಗ ಗೊತ್ತೈತ್ರಿ," ಎಂದ. "ಗೊತ್ತಿಲ್ಲದವ್ರಿಗೆ ಹೋಗಿ ಹೇಳ್ರಿ."