ನಮಾಜಿಗೆ ಮುಂಚಿನ ಅಕ್ಕಿ

ನಮ್ಮತ್ತೆಯನ್ನು ಬೀದಿಯವರೆಲ್ಲ ಹತ್ತಿಯಮ್ಮ ಅಂತಾರೆ. ಹಳೇ ಹಾಸಿಗೆ ಬಿಚ್ಚಿ, ಗಂಟುಕಟ್ಟಿದ ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡೋದು ಅವರ ಕಸುಬು. ಸ್ನಾನ ಮಾಡಿ ಬಂದರೂ ಹುಬ್ಬಿನ ಮೇಲೆ ಒಂದೆಳೆ ಹತ್ತಿ ಇದ್ದೇ ಇರುತ್ತೆ. ಕೋಪ ಸದಾ ಮೂಗಿನ ತುದಿಯಲ್ಲಿ. ಹಠಕ್ಕೆ ಬಿದ್ದರಂತೂ ಮುಗೀತು, ಊರೇ ತಲೆಕೆಳಗಾದರೂ ಬಗ್ಗೋರಲ್ಲ.

ಈ ರಂಜಾನ್‌ನಲ್ಲಿ ಹಿಡಿದದ್ದು ಫಿತ್ರಾದ ಹಠ. ಈದ್ ನಮಾಜಿಗೆ ಮುಂಚೆ, ಮನೆಯಲ್ಲಿರೋ ಒಂದೊಂದು ತಲೆಗೂ ಇಷ್ಟು ಅಂತ ಅಳೆದು ಇಲ್ಲದವರಿಗೆ ಧಾನ್ಯ ಕೊಡಬೇಕು, ಅದೇ ಫಿತ್ರಾ. ನಮಾಜು ಮುಗಿದ ಮೇಲೆ ಕೊಟ್ಟರೆ ಅದು ಬರೀ ದಾನ, ಲೆಕ್ಕಕ್ಕಿಲ್ಲ. ಮಾವ ತೀರಿಹೋದಾಗಿನಿಂದ ನಮ್ಮದು ತಗೊಳ್ಳೋ ಮನೆ. ಈ ವರ್ಷ ನಮ್ಮ ಯಜಮಾನರ ಕೆಲಸ ಖಾಯಂ ಆಯ್ತು ನೋಡಿ, ಮಸೀದಿಯವರು ಫಿತ್ರಾದ ಅಕ್ಕಿಚೀಲ ತಂದರೆ ಅತ್ತೆ ಬಾಗಿಲಲ್ಲೇ ತಡೆದರು.

"ಬೇರೆಯವರಿಗೆ ಕೊಡಿ. ಈ ಸಲ ನಾವು ಕೊಡೋರು."

"ಸಂತೋಷ ಕಣಮ್ಮ. ಹಾಗಾದ್ರೆ ನಿಮ್ಮದನ್ನೂ ನಮ್ಮ ಕೈಲೇ ಕೊಡಿ, ತಲುಪಿಸ್ತೀವಿ."

"ಬೇಡ. ನಾನೇ ಕೈಯಾರೆ ಕೊಡ್ತೀನಿ."

ಈದ್ ಬೆಳಿಗ್ಗೆ ಯಜಮಾನರು ಹೊಸ ಬಟ್ಟೆ ತೊಟ್ಟು, ಅತ್ತರು ಹಚ್ಚಿಕೊಂಡು ನಮಾಜಿಗೆ ಹೊರಟರು. ಅತ್ತೆ ಅಕ್ಕಿ ಅಳೆಯುತ್ತಾ ಕೂತಿದ್ದರು. "ನನ್ನ ಹೊಟ್ಟೇಲಿರೋದಕ್ಕೂ ಹಾಕಿದ್ರಾ?" ಅಂತ ರೇಗಿಸಿದೆ.

"ಹಾಕದೆ? ನಿನಗಿಂತ ಜಾಸ್ತಿ ಅದೇ ತಿನ್ನುತ್ತಲ್ಲ!"

ಮೊದಲು ಹೋಗಿದ್ದು ಪಕ್ಕದ ಪಂಕ್ಚರ್ ಅಂಗಡಿಯವರ ಮನೆಗೆ. ಆಯಮ್ಮ ಚೀಲ ನೋಡಿ ಕಿಸಕ್ಕನೆ ನಕ್ಕಳು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಾ, ಹತ್ತಿಯಮ್ಮ? ಮೊದಲು ನಿಮ್ಮನೆ ನೋಡ್ಕೊಳ್ಳಿ."

ನನಗೆ ಮೈಯೆಲ್ಲ ಉರಿದುಹೋಯ್ತು. ಅತ್ತೆ ತುಟಿ ಬಿಚ್ಚಲಿಲ್ಲ. ಅವರು ಬೈದರೆ ಹೆದರಬೇಕಿಲ್ಲ, ಸುಮ್ಮನಾದರೆ ಭಯ. ಚೀಲ ಸೊಂಟಕ್ಕೇರಿಸಿ ದುಡುದುಡು ನಡೆದವರು ಮೇಲಿನ ಬೀದಿಯ ಹಸಿರು ಗೇಟಿನ ಮುಂದೆ ನಿಂತರು.

"ಅತ್ತೆ, ಇದು ಟೀಚರಮ್ಮನ ಮನೆ! ವರ್ಷಾವರ್ಷ ನಮಗೇ ಕೊಡ್ತಿದ್ದವರು!"

"ನನಗೇನು ಕಣ್ಣಿಲ್ವಾ? ಹೋದ ವಾರ ಕರೆಸಿ, ಮನೇಲಿರೋ ಹಾಸಿಗೆಯೆಲ್ಲ ಮಾರಿಸಿಕೊಡು ಅಂದ್ರು. ನೆಲದ ಮೇಲೆ ಮಲಗಿದ್ರೆ ಬೆನ್ನಿಗೆ ಒಳ್ಳೇದಂತೆ! ಮಲಗೋ ಹಾಸಿಗೆ ಮಾರೋರ ಮನೇಲಿ ಅಕ್ಕಿ ಇರುತ್ತೇನೇ? ಮೊದಲೇ ಇಲ್ಲಿಗೆ ಬರಬೇಕಿತ್ತು. ಧೈರ್ಯ ಬರಲಿಲ್ಲ."

ನಮ್ಮತ್ತೆಗೆ ಧೈರ್ಯ ಬರಲಿಲ್ಲವಂತೆ! ಆ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಟೀಚರಮ್ಮ ಬಾಗಿಲು ತೆರೆದರು. ಇಸ್ತ್ರಿ ಮಾಡಿದ ಬಟ್ಟೆ, ಒಪ್ಪವಾಗಿ ಬಾಚಿದ ತಲೆ. ಹಬ್ಬದ ದಿನವೂ ಒಳಗಿನಿಂದ ಒಗ್ಗರಣೆಯ ವಾಸನೆಯಿಲ್ಲ. ಚೀಲ ಕಂಡದ್ದೇ ಅವರ ಮುಖ ಬಿಗಿದುಕೊಂಡಿತು.

"ಮನೆ ತಪ್ಪಿ ಬಂದಿದ್ದೀಯ. ಈ ಮನೆ ಕೊಟ್ಟಿದೆ, ಯಾರ ಮುಂದೂ ಕೈಯೊಡ್ಡಿಲ್ಲ."

ಬಾಗಿಲು ಮುಚ್ಚತೊಡಗಿತು. ಅತ್ತೆ ಹೊಸ್ತಿಲಿಗೆ ಕಾಲು ಅಡ್ಡ ಕೊಟ್ಟರು. ಅಷ್ಟರಲ್ಲಿ ಮೈಕಿನಲ್ಲಿ ಎಲ್ಲರೂ ಬೇಗ ಬೇಗ ಸಾಲು ಕಟ್ಟಿ ಅನ್ನೋ ಕೂಗು. ಇನ್ನೇನು ನಮಾಜು ಶುರು.

"ಅಮ್ಮಾ, ನಿಮ್ಮ ಚೀಲ ನನ್ನ ಬಾಗಿಲಿಗೆ ಬಂದಾಗೆಲ್ಲ ಹೊಟ್ಟೆ ಉರ್ಕೊಂಡಿದ್ದೀನಿ. ನಿಮ್ಮನ್ನ ಬಾಯಿಗೆ ಬಂದಂಗೆ ಬೈದಿದ್ದೀನಿ. ಬೈಕೊಂಡೇ ಅನ್ನ ಮಾಡಿ ಮಕ್ಕಳಿಗೆ ಹಾಕಿದ್ದೀನಿ," ಅಂದರು ಅತ್ತೆ. ಕಾಲು ಮಾತ್ರ ತೆಗೆಯಲಿಲ್ಲ. "ನೀವೂ ಬೈಯಿರಿ. ನನ್ನ ಮುಖ ನೋಡಬೇಡಿ. ಆದ್ರೆ ತಗೊಳ್ಳಿ. ನಮಾಜಿಗೆ ಮುಂಚೆ ತಗೊಳ್ಳಿ."

ಟೀಚರಮ್ಮ ಬಾಗಿಲು ತಳ್ಳೋದನ್ನ ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ನನ್ನನ್ನ ಬೈದ್ಯಾ? ಏನಂತ?"

"ಎಲ್ಲಾ ಹೇಳಕ್ಕಾಗಲ್ಲ, ಬಸುರಿ ಸೊಸೆ ಪಕ್ಕದಲ್ಲೇ ಇದ್ದಾಳೆ."

ಟೀಚರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣು ತುಂಬಿಕೊಂಡು, ಎರಡೂ ಕೈಯಲ್ಲಿ ಚೀಲ ತಗೊಂಡು ಬಾಗಿಲು ಹಾಕಿಕೊಂಡರು. ನಾವು ಗೇಟು ದಾಟಿದ್ದೇ ತಡ, ಕಿಟಕಿಯಿಂದ ಗದರುವ ದನಿ ಬಂತು:

"ಏ ಹತ್ತಿಯಮ್ಮಾ! ಸೊಕ್ಕು ಜಾಸ್ತಿಯಾಯ್ತು ಕಣೇ ನಿನಗೆ! ಹಾಳಾದವಳೇ!"

ಅತ್ತೆ ಬೀದಿಯಲ್ಲೇ ನಿಂತು ಕಣ್ಣೊರೆಸಿಕೊಂಡರು. "ಕೇಳಿದ್ಯೇನೇ? ಬೈತಿದ್ದಾರೆ," ಅಂದರು. "ಇನ್ನು ಅನ್ನಕ್ಕಿಡ್ತಾರೆ, ಬಿಡು."